ಬೆನ್ನಿಗೊಂದು ಕಿವಿ

ಸೈಕಲ್ ಸವಾರನಿಗೆ ದೇವರು ಕೊಟ್ಟ ಎರಡು ಕಿವಿಗಳಲ್ಲದೆ ಮೂರನೆಯದೊಂದು ಕಿವಿಯೂ ಇರುತ್ತದೆ. ಅದು ಇರುವುದು ಬೆನ್ನಿನಲ್ಲಿ. ಓಣಿಯನ್ನು ದಾಟಿ ಹೆದ್ದಾರಿಗೆ ಬಂದೊಡನೆ ಅದು ತೆರೆದುಕೊಳ್ಳುತ್ತದೆ. ಹಿಂದಿನಿಂದ ಬರುತ್ತಿರುವುದು ಬಸ್ಸೊ ಲಾರಿಯೊ, ಬಲಕ್ಕೆ ಸರಿದು ಹೋದೀತೊ ಮೈಮೇಲೆಯೇ ಬಂದೀತೊ ಎಂಬ ಲೆಕ್ಕವನ್ನು ಅದು ಬಿಡುವಿಲ್ಲದೆ ಹಾಕುತ್ತಿರುತ್ತದೆ. ಮುಂದೆ ಮಾವಿನ ತೋಪು ಹೂಬಿಟ್ಟಿರಬಹುದು, ಕೆರೆಯ ಮೇಲೆ ಬೆಳ್ಳಕ್ಕಿಯ ಸಾಲು ಹಾರುತ್ತಿರಬಹುದು. ಸವಾರನ ಕಣ್ಣು ಮಾತ್ರ ಅಲ್ಲಿದ್ದು ಪ್ರಾಣವೆಲ್ಲ ಬೆನ್ನಿನಲ್ಲಿರುತ್ತದೆ.

ನಾನು ಸೈಕಲ್ ಕಲಿತದ್ದು ನಮ್ಮೂರ ಕೆರೆಯ ಏರಿಯ ಮೇಲೆ. ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ನಮ್ಮ ತಂದೆಯ ಸೈಕಲ್ಲು ನನಗಿಂತ ಎತ್ತರವಾಗಿತ್ತು; ಆದ್ದರಿಂದ ಒಳಪೆಡಲು ಹೊಡೆದೇ ಕಲಿತೆ. ತಂದೆ ಹಿಂದೆ ಕ್ಯಾರಿಯರ್ ಹಿಡಿದು ಓಡಿ ಬರುತ್ತಿದ್ದರು. ಆಗ ಏರಿಯ ಮೇಲೆ ಎತ್ತಿನ ಗಾಡಿಯ ಹೊರತು ಬೇರೇನೂ ಬರುತ್ತಿರಲಿಲ್ಲ. ನನ್ನ ಬೆನ್ನಿಗೆ ಕಿವಿ ಮೂಡಿದ್ದು ಬಹಳ ವರ್ಷಗಳ ಮೇಲೆ, ಕಾಲೇಜಿನಲ್ಲಿ ಪಾಠ ಹೇಳಲು ತೊಡಗಿದ ನಂತರ. ಒಂದು ಸಂಜೆ ಹಿಂದಿನಿಂದ ಬಂದ ವಾಹನವೊಂದು ಹ್ಯಾಂಡಲನ್ನು ಸವರಿಕೊಂಡು ಹೋಯಿತು. ಮೊಣಕೈ ಮುರಿಯಿತು, ಮೂರು ತಿಂಗಳಲ್ಲಿ ಕೂಡಿಕೊಂಡಿತು. ಆದರೆ ಧೈರ್ಯ ಕೂಡಿಕೊಳ್ಳಲಿಲ್ಲ. ಸೈಕಲ್ಲು ಮನೆಯ ಹಿತ್ತಲಿನ ಗೋಡೆಗೆ ಒರಗಿ ನಿಂತಿತು.

ಕಳೆದ ವರ್ಷ ರಜೆಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಅವನ ಮಗನಿಗೆ ಹದಿನಾರು ವರ್ಷ. ಕನ್ನಡ ಅವನಿಗೆ ಅರ್ಥವಾಗುತ್ತದೆ. ಮಾತು ಮಾತ್ರ ತುಂಡು ತುಂಡು. ಎರಡು ವಾರ ಒಂದೇ ಮನೆಯಲ್ಲಿದ್ದರೂ ನಮ್ಮಿಬ್ಬರ ಸಂಭಾಷಣೆ ಕಾಫಿ, ಊಟ, ನಿದ್ದೆಗಳನ್ನು ದಾಟಿರಲಿಲ್ಲ. ತಮ್ಮನೇ ಒಂದು ದಿನ ಹೇಳಿದ: “ಅಣ್ಣಾ, ಇವನ ಜೊತೆ ಮೂರು ದಿನ ಸೈಕಲ್ ಮೇಲೆ ಕಾಡು ಸುತ್ತಿ ಬಾ. ಆ ದಾರೀಲಿ ಮೋಟಾರು ಬರೋ ಹಾಗಿಲ್ಲ.” ಮೋಟಾರು ಬರಬಾರದೆಂಬ ನಿಯಮ ಬೇರೆ, ಬಾರದಿರುವುದು ಬೇರೆ ಎಂದು ನಮ್ಮ ನಾಡಿನ ಅನುಭವದಿಂದ ತಿಳಿದಿದ್ದ ನಾನು ಅರ್ಧ ಮನಸ್ಸಿನಿಂದಲೇ ಒಪ್ಪಿದೆ.

ಆ ದಾರಿಯ ಹೆಸರು ಗ್ರೇಟ್ ಅಲೆಗೆನಿ ಪ್ಯಾಸೇಜ್. ಪಿಟ್ಸ್‌ಬರ್ಗಿನಿಂದ ಮೇರಿಲೆಂಡಿನ ಕಂಬರ್ಲೆಂಡ್ ಊರಿನವರೆಗೆ ಅಲೆಗೆನಿ ಪರ್ವತಗಳನ್ನು ದಾಟಿ ಹೋಗುವ ಇದರ ಉದ್ದ 150 ಮೈಲಿ, ಎಂದರೆ ಸುಮಾರು 240 ಕಿಲೋಮೀಟರು. ಇದರ ಬಹುಭಾಗ ಒಂದು ಕಾಲದ ರೈಲುದಾರಿ. ಪರ್ವತದ ಭಾಗದಲ್ಲಿ ವೆಸ್ಟರ್ನ್ ಮೇರಿಲೆಂಡ್ ರೈಲ್ವೆ 1912ರಲ್ಲಿ ಹಾಕಿ ಮುಗಿಸಿದ ಹಳಿಗಳಿದ್ದವು. ಅದೇ ಕಣಿವೆಯಲ್ಲಿ ಬಾಲ್ಟಿಮೋರ್ ಮತ್ತು ಒಹಾಯೊ ಕಂಪೆನಿಯ ಇನ್ನೊಂದು ರೈಲುದಾರಿಯೂ ಇತ್ತು. ಎರಡು ಕಂಪೆನಿಗಳೂ ಒಂದೇ ಆಡಳಿತಕ್ಕೆ ಬಂದ ಮೇಲೆ ಎರಡರಲ್ಲಿ ಒಂದು ಹೆಚ್ಚಾಯಿತು. 1975ರಲ್ಲಿ ಇದನ್ನು ಮುಚ್ಚಿದರು. ಹಳಿ ಕಿತ್ತ ಜಾಗದಲ್ಲಿ ಮೊದಲ ಹತ್ತು ಮೈಲಿಯಷ್ಟು ಸೈಕಲ್ ದಾರಿ 1986ರಲ್ಲಿ ತೆರೆಯಿತು. ಒಂದೊಂದು ಸೇತುವೆ, ಒಂದೊಂದು ಸುರಂಗವನ್ನು ಸರಿಪಡಿಸುತ್ತ ಪೂರ್ತಿ ದಾರಿ ಕೂಡಿಬಂದದ್ದು 2013ರಲ್ಲಿ.

ರೈಲುದಾರಿಯಾಗಿದ್ದುದರಿಂದ ಒಂದು ದೊಡ್ಡ ಉಪಕಾರವಾಗಿದೆ. ಉಗಿಬಂಡಿಗೆ ಕಡಿದಾದ ಏರು ಒಗ್ಗುವುದಿಲ್ಲ. ಅದಕ್ಕಾಗಿ ಎಂಜಿನಿಯರುಗಳು ಬೆಟ್ಟವನ್ನು ಕೊರೆದು, ಹಳ್ಳಕ್ಕೆ ಸೇತುವೆ ಕಟ್ಟಿ, ಏರನ್ನು ಹಿಗ್ಗಿಸಿ ಹಿಗ್ಗಿಸಿ ಇಲ್ಲವೆನ್ನುವಷ್ಟು ತೆಳ್ಳಗೆ ಮಾಡಿದರು. ಅತ್ಯಂತ ಕಡಿದಾದ ಭಾಗದಲ್ಲೂ ನೂರು ಅಡಿಗೆ ಏರುವುದು ಎರಡಡಿಯೊಳಗೆ. ಕಬ್ಬಿಣದ ಯಂತ್ರಕ್ಕೆಂದು ಪಟ್ಟ ಶ್ರಮವೆಲ್ಲ ನಲವತ್ತು ದಾಟಿದ ಮೇಷ್ಟರ ಮೊಣಕಾಲಿಗೆ ಒದಗಿ ಬಂದಿತು.

ನಾವು ಹೊರಟದ್ದು ನಡುದಾರಿಯ ಕಾನೆಲ್ಸ್‌ವಿಲ್‌ನಿಂದ. ಸುಣ್ಣದ ಕಲ್ಲಿನ ಪುಡಿಯನ್ನು ಹಾಸಿ ಬಿಗಿಮಾಡಿದ ದಾರಿ. ಒಂದು ಕಡೆ ಓಕ್, ಮೇಪಲ್, ಹೆಮ್ಲಾಕ್ ಮರಗಳು ಮುಚ್ಚಿದ ಬೆಟ್ಟ. ಇನ್ನೊಂದು ಕಡೆ ಕೆಳಗೆ ಬಂಡೆಗಳ ನಡುವೆ ಹರಿಯುವ ಯಾಕಿಗೇನಿ ನದಿ. ಸ್ಥಳೀಯರು ಅದನ್ನು ಮೊಟಕಾಗಿ ‘ಯಾಕ್’ ಎನ್ನುತ್ತಾರೆ. ಕನ್ನಡಿಗನ ಕಿವಿಗೆ ಅದು ಹೆಸರಲ್ಲ, ಪ್ರಶ್ನೆ. ನಾನು ಐದು ನಿಮಿಷಕ್ಕೊಮ್ಮೆ ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದೆ. ಹುಡುಗನೂ ಅದೇ ಪ್ರಶ್ನೆ ಕೇಳಿದ: “ದೊಡ್ಡಪ್ಪ, ಯಾಕ್ ಹಿಂದೆ ನೋಡ್ತೀರಾ? ಅಲ್ಲಿ ಯಾರೂ ಇಲ್ಲ.”

ಇಲ್ಲವೆಂದು ಕಣ್ಣಿಗೆ ಗೊತ್ತಿತ್ತು. ಬೆನ್ನಿಗೆ ಗೊತ್ತಿರಲಿಲ್ಲ.

ಆ ರಾತ್ರಿ ತಂಗಿದ ಊರಿನ ಹೆಸರು ಕಾನ್‌ಫ್ಲುಯೆನ್ಸ್. ಆ ಮಾತಿಗೆ ಅರ್ಥ ಸಂಗಮ. ಯಾಕಿಗೇನಿ, ಕ್ಯಾಸಲ್‌ಮನ್ ನದಿಗಳೂ ಲಾರೆಲ್ ಹಿಲ್ ಎಂಬ ತೊರೆಯೂ ಅಲ್ಲಿ ಕೂಡುತ್ತವೆ. ಮಲಗಿದ ಮೇಲೆ ದೂರದಿಂದ ಗೂಡ್ಸ್ ರೈಲಿನ ಸದ್ದು ಕೇಳಿಸಿತು. ಉಳಿದುಕೊಂಡ ಆ ಇನ್ನೊಂದು ರೈಲುದಾರಿಯಲ್ಲಿ ಸರಕು ಈಗಲೂ ಓಡುತ್ತಿದೆ. ಹಾಸಿಗೆಯಲ್ಲಿ ಬೆಚ್ಚಗೆ ಮಲಗಿ, ನನ್ನನ್ನು ಹಿಂದಟ್ಟದ ಚಕ್ರಗಳ ಸದ್ದನ್ನು ಕೇಳುವುದು ಹಿತವಾಗಿತ್ತು.

ಎರಡನೆಯ ದಿನ ಯಾವ ಹೊತ್ತಿನಲ್ಲೊ ಬೆನ್ನಿನ ಕಿವಿ ಮುಚ್ಚಿಕೊಂಡಿತು. ಮುಚ್ಚಿಕೊಂಡದ್ದು ಆಗ ತಿಳಿಯಲಿಲ್ಲ. ಮಿಕ್ಕೆರಡು ಕಿವಿಗಳಿಗೆ ಹೊಸ ಸದ್ದುಗಳು ಕೇಳತೊಡಗಿದಾಗ ತಿಳಿಯಿತು. ಚಕ್ರದಡಿಯಲ್ಲಿ ಕಲ್ಲಿನ ಪುಡಿ ಅರೆಯುವ ಸದ್ದು, ಎಲ್ಲೊ ಮರವನ್ನು ಕುಕ್ಕುವ ಮರಕುಟಿಗ, ಕಾಡಿನೊಳಗೆ ಕಾಣದೆ ಇಳಿಯುವ ನೀರು. ಒಂದು ಜಿಂಕೆ ದಾರಿಯ ನಡುವೆ ನಿಂತು ನಮ್ಮನ್ನು ನೋಡಿ, ಅವಸರಪಡದೆ ಕೆಳಕ್ಕಿಳಿಯಿತು. ಆಗಲೇ ಇನ್ನೊಂದನ್ನು ಗಮನಿಸಿದೆ. ನಾವಿಬ್ಬರೂ ಹಿಂದೆ ಮುಂದೆ ಅಲ್ಲ, ಅಕ್ಕಪಕ್ಕದಲ್ಲಿ ಹೋಗುತ್ತಿದ್ದೆವು. ಹೆದ್ದಾರಿಯಲ್ಲಿ ಸೈಕಲ್ ಸವಾರರು ಇರುವೆಯ ಸಾಲಿನಂತೆ ಒಬ್ಬರ ಹಿಂದೊಬ್ಬರು ಹೋಗಬೇಕು, ಮಾತು ಸಾಧ್ಯವಿಲ್ಲ. ಇಲ್ಲಿ ಮಾತು ತಾನಾಗಿ ಬಂದಿತು. ಎದುರುಬದುರು ಕುಳಿತಾಗ ನಾಚುತ್ತಿದ್ದ ಹುಡುಗ, ಇಬ್ಬರ ದೃಷ್ಟಿಯೂ ಮುಂದಿದ್ದಾಗ ನಾಚಲಿಲ್ಲ. “ತಾತ ನಿಜವಾಗಿ ಮಳೇಲೂ ಸೈಕಲ್ ಮೇಲೇ ಸ್ಕೂಲಿಗೆ ಹೋಗ್ತಿದ್ರಾ?” ಎಂದು ಕೇಳಿದ. ಅವನು ಎರಡು ವರ್ಷದ ಕೂಸಾಗಿದ್ದಾಗ ನಮ್ಮ ತಂದೆ ತೀರಿಕೊಂಡರು. ಹೋಗುತ್ತಿದ್ದರೆಂದೂ, ಒಂದು ಕೈಯಲ್ಲಿ ಕೊಡೆ ಹಿಡಿಯುತ್ತಿದ್ದರೆಂದೂ, ಮಕ್ಕಳ ಹಾಜರಿ ಪುಸ್ತಕ ನೆನೆಯಬಾರದೆಂದು ಅದನ್ನು ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದರೆಂದೂ ಹೇಳಿದೆ. ಕೆರೆ ಏರಿಯ ಕಥೆಯನ್ನೂ ಹೇಳಿದೆ. ಕ್ಯಾಸಲ್‌ಮನ್ ಕಣಿವೆಯನ್ನು ದಾಟುವ 1,908 ಅಡಿ ಉದ್ದದ ಸೇತುವೆಯ ಮೇಲೆ ಬಂದಾಗಲೂ ಕಥೆ ಮುಗಿದಿರಲಿಲ್ಲ. ಕೆಳಗೆ ನೂರು ಅಡಿ ಆಳದಲ್ಲಿ ನದಿಯೂ ಹೆದ್ದಾರಿಯೂ ಹರಿಯುತ್ತಿದ್ದವು. ಲಾರಿಗಳು ಮಕ್ಕಳ ಆಟಿಕೆಗಳಂತೆ ಕಂಡವು.

ಆ ರಾತ್ರಿ ಮೇಯರ್ಸ್‌ಡೇಲ್‌ನಲ್ಲಿ ತಂಗಿ, ಮೂರನೆಯ ಬೆಳಗ್ಗೆ 2,392 ಅಡಿ ಎತ್ತರದ ನೆತ್ತಿಯನ್ನು ಮುಟ್ಟಿದೆವು. ಒಂದು ಕಡೆ ಬಿದ್ದ ಮಳೆ ಮೆಕ್ಸಿಕೊ ಕೊಲ್ಲಿಗೆ, ಇನ್ನೊಂದು ಕಡೆ ಬಿದ್ದದ್ದು ಅಟ್ಲಾಂಟಿಕ್ ಸಾಗರದ ಕಡೆಗೆ ಹೋಗುವ ನೀರಗಡಿ ಅದು. ಅದರಾಚೆ ಬಿಗ್ ಸ್ಯಾವೇಜ್ ಸುರಂಗ, 3,294 ಅಡಿ ಉದ್ದ. ಒಳಗೆ ದೀಪಗಳಿವೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಗೋಡೆಗಳು ಕೆಡದಿರಲೆಂದು ಬಾಗಿಲು ಹಾಕುತ್ತಾರೆ. ಸುರಂಗ ಕಳೆದೊಡನೆ ಬೆಟ್ಟಗಳ ಸಾಲುಸಾಲು ತೆರೆದುಕೊಂಡಿತು. ಅಲ್ಲಿಂದ ಕಂಬರ್ಲೆಂಡಿನವರೆಗೆ ಇಳಿಜಾರು. ಪೆಡಲು ತುಳಿಯುವ ಕೆಲಸವೇ ಇರಲಿಲ್ಲ. ಕೆರೆ ಏರಿಯ ಹುಡುಗನಂತೆ ಇಳಿದೆ.

ಕಂಬರ್ಲೆಂಡಿನಲ್ಲಿ ಈ ದಾರಿ ಮುಗಿಯುವ ಕಡೆಯಲ್ಲೇ ಇನ್ನೊಂದು ಆರಂಭವಾಗುತ್ತದೆ. ಅದು ವಾಷಿಂಗ್ಟನ್ ನಗರದವರೆಗೆ 184.5 ಮೈಲಿ ಹೋಗುವ ಚೆಸಾಪೀಕ್ ಮತ್ತು ಒಹಾಯೊ ಕಾಲುವೆಯ ದಂಡೆ. ಹೇಸರಗತ್ತೆಗಳು ದೋಣಿಯ ಹಗ್ಗವನ್ನು ಎಳೆದು ನಡೆದ ಕಾಲುದಾರಿ. 1828ರ ಜುಲೈ 4ರಂದು, ಒಂದೇ ದಿನ, ಈ ಕಾಲುವೆಗೂ ಬಾಲ್ಟಿಮೋರಿನ ರೈಲಿಗೂ ಶಂಕುಸ್ಥಾಪನೆ ನಡೆಯಿತು. ರೈಲು 1842ರಲ್ಲಿ ಕಂಬರ್ಲೆಂಡ್ ಮುಟ್ಟಿತು. ಕಾಲುವೆ ಮುಟ್ಟಿದಾಗ 1850. ಆದರೂ ಹೇಗೊ ಬದುಕಿದ್ದು, 1924ರ ಪ್ರವಾಹದಲ್ಲಿ ನಿಂತುಹೋಯಿತು. ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಕಚೇರಿ ವ್ಯಾಜ್ಯದ ಗಾದೆ ನೆನಪಾಯಿತು.

ಸತ್ತವನ ಆಸ್ತಿಯ ಮೇಲೆ ಮೋಟಾರಿನ ಕಣ್ಣು ಬಿತ್ತು. ಸರ್ಕಾರ 1938ರಲ್ಲಿ ಕೊಂಡಿದ್ದ ಆ ದಂಡೆಯನ್ನು ಮೋಟಾರು ವಿಹಾರದ ರಸ್ತೆಯಾಗಿ ಮಾಡಬೇಕೆಂಬ ಯೋಜನೆ ಹುಟ್ಟಿತು. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸಂಪಾದಕೀಯದಲ್ಲಿ ಅದನ್ನು ಬೆಂಬಲಿಸಿತು. ಆಗ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಓ. ಡಗ್ಲಸ್ ಪತ್ರಿಕೆಗೆ ಕಾಗದ ಬರೆದು, ಸಂಪಾದಕೀಯ ಬರೆದವರು ತಮ್ಮೊಡನೆ ಆ ದಾರಿಯನ್ನು ನಡೆದು ನೋಡಲಿ ಎಂದು ಕರೆದರು. ಅವರು ವಾದ ಹೂಡಲಿಲ್ಲ; ಸ್ಥಳ ಪರೀಕ್ಷೆಗೆ ಕರೆದರು. ಮಾರ್ಚ್ 20ರಂದು ಕಂಬರ್ಲೆಂಡಿನ ಬಳಿಯಿಂದ ಹೊರಟ ತಂಡ 27ರಂದು ವಾಷಿಂಗ್ಟನ್ ಸೇರಿತು. ಪೂರ್ತಿ ನಡೆದವರು ಒಂಬತ್ತೇ ಮಂದಿ. ಆದರೆ ಜೊತೆಗೆ ಹೆಜ್ಜೆಹಾಕಿದ್ದ ಪತ್ರಿಕೆ ತನ್ನ ನಿಲುವನ್ನು ಬದಲಿಸಿತು. 1971ರಲ್ಲಿ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ಕಾಲುವೆಯ ದಡದಲ್ಲಿ ಕುಳಿತು ಹುಡುಗನಿಗೆ ಇದನ್ನು ಹೇಳುವಾಗ ನನಗೇ ಹೊಳೆದದ್ದು ಇಷ್ಟು: ಮೂರು ದಿನ ನಾನು ಅನುಭವಿಸಿದ ಮೌನ ಕಾಡು ತಾನಾಗಿ ಕೊಟ್ಟದ್ದಲ್ಲ. ಯಾರೊ ಕಾಗದ ಬರೆದಿದ್ದರು, ಯಾರೊ ಕಾಲು ನೋಯಿಸಿಕೊಂಡಿದ್ದರು, ಯಾರೊ ಇಪ್ಪತ್ತೇಳು ವರ್ಷ ಸೇತುವೆಗೆ ಸೇತುವೆಯನ್ನು ಜೋಡಿಸಿದ್ದರು.

ಊರಿಗೆ ಮರಳಿದ ಮೇಲೆ ಹಿತ್ತಲಿನ ಸೈಕಲ್ಲಿಗೆ ಹೊಸ ಟೈರು ಹಾಕಿಸಿದೆ. ನಮ್ಮ ಕಾಲೇಜಿಗೆ ಸುತ್ತಿನ ಹಳ್ಳಿಗಳಿಂದ ಸೈಕಲ್ ಮೇಲೆ ಬರುವ ಹುಡುಗ ಹುಡುಗಿಯರನ್ನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. ತರಗತಿಯಲ್ಲಿ ಬಂದು ಕುಳಿತ ಮೇಲೂ ಅವರ ಬೆನ್ನು ಸ್ವಲ್ಪ ಹೊತ್ತು ಬಿಗಿಯಾಗಿಯೇ ಇರುತ್ತದೆ. ಮೊನ್ನೆ ತಮ್ಮನ ಮಗನಿಂದ ಕಾಗದ ಬಂದಿತು. ಕನ್ನಡದಲ್ಲಿ ಬರೆದಿದ್ದಾನೆ, ತಪ್ಪುಗಳಿವೆ, ನಾನು ತಿದ್ದಲಿಲ್ಲ. ಬರುವ ವರ್ಷ ಬರುತ್ತಾನಂತೆ. ತಾತನ ಕೆರೆ ಏರಿಯ ಮೇಲೆ ನಾವಿಬ್ಬರೂ ಅಕ್ಕಪಕ್ಕದಲ್ಲಿ ಸೈಕಲ್ ಹೊಡೆಯಬಹುದೆ ಎಂದು ಕೇಳಿದ್ದಾನೆ. ಏರಿಯ ಮೇಲೆ ಈಗ ಟಾರು ರಸ್ತೆ ಬಂದಿದೆ. ಬೆಳಗಿನ ಮೊದಲ ಬಸ್ಸು ಬರುವುದು ಆರೂವರೆಗೆ. ಅದಕ್ಕೆ ಮುಂಚೆ ಎದ್ದರೆ ಹೊಡೆಯಬಹುದು ಎಂದು ಉತ್ತರ ಬರೆದಿದ್ದೇನೆ.