ಮಗಳ ಗೆಳತಿಯರ ಗುಂಪು: ತಾಯಿ ತಿಳಿದಿರಬೇಕಾದ ಮಾತು

ನಿಮ್ಮ ಮಗಳು ಈ ವರ್ಷ ಎಂಟನೇ ಕ್ಲಾಸಿಗೆ ಸೇರಿದ್ದಾಳೆಯೇ? ಹಾಗಿದ್ದರೆ ಒಂದು ಬದಲಾವಣೆ ನಿಮ್ಮ ಕಣ್ಣಿಗೂ ಬಿದ್ದಿರಬೇಕು. ಓಣಿಯ ಹುಡುಗಿಯರೆಲ್ಲರ ಜೊತೆ ಕುಂಟಾಬಿಲ್ಲೆ ಆಡಿದವಳ ಬಾಯಲ್ಲಿ ಈಗ ‘ನಮ್ಮ ಗುಂಪು’, ‘ಅವರ ಗುಂಪು’ ಅನ್ನುವ ಮಾತು. ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯ ಡಬ್ಬಿಯಲ್ಲಿ ಹಾಗೇ ವಾಪಸು ಬರುತ್ತದೆ. ಕೆಲವು ದಿನ ಬೆಳಿಗ್ಗೆ, “ಹೊಟ್ಟೆ ನೋಯ್ತದವ್ವಾ, ಇವತ್ತು ಸಾಲಿ ಬ್ಯಾಡ” ಎಂಬ ರಾಗ. ಸೊಕ್ಕು ಎಂದು ಗದರುವ ಮುನ್ನ ಸ್ವಲ್ಪ ತಾಳಿ.

ನಮ್ಮ ಕಡೆಯ ಹೈಸ್ಕೂಲಿನಲ್ಲಿ ಯಾರು ಯಾರು ಕೂಡುತ್ತಾರೆ ನೋಡಿ. ಹಂಪಿಯಲ್ಲಿ ಪ್ರವಾಸಿಗರಿಗೆ ಅಂಗಡಿ ಇಟ್ಟವರ ಮಕ್ಕಳು, ಸಂಡೂರಿನ ಗಣಿ ಕೆಲಸಗಾರರ ಮಕ್ಕಳು, ತಾಂಡಾದ ಮಕ್ಕಳು, ಕಂಪ್ಲಿ ಕಡೆಯ ಭತ್ತದ ರೈತರ ಮಕ್ಕಳು, ಹೊಸಪೇಟೆಯ ನೌಕರರ ಮಕ್ಕಳು. ಮನೆಮಾತು ಕನ್ನಡ, ತೆಲುಗು, ಉರ್ದು, ಲಂಬಾಣಿ. ಹೊಸ ಜಾಗದಲ್ಲಿ ಮಗು ಮೊದಲು ತನ್ನಂಥವರನ್ನೇ ಹುಡುಕುತ್ತದೆ. 1906ರಲ್ಲೇ ಅಮೆರಿಕದ ಸಮಾಜಶಾಸ್ತ್ರಜ್ಞ ಸಮ್ನರ್ ಇದನ್ನು ಒಳಗುಂಪು, ಹೊರಗುಂಪು ಎಂದು ಕರೆದರು. ಅದಕ್ಕೂ ಮುಂಚೆ, 1902ರಲ್ಲಿ ಕೂಲಿ ಎಂಬ ವಿದ್ವಾಂಸರು, ಬೇರೆಯವರ ಕಣ್ಣೇ ನಮಗೆ ಕನ್ನಡಿ ಎಂಬ ಅರ್ಥದ ಮಾತು ಹೇಳಿದ್ದರು. ಹದಿಮೂರರ ಹುಡುಗಿಗೆ ಆ ಕನ್ನಡಿ ಗೆಳತಿಯರೇ. ಅವರು ನಕ್ಕರೆ ರೊಟ್ಟಿಯೂ ನಾಚಿಕೆ, ಮನೆಮಾತೂ ನಾಚಿಕೆ.

ನಮ್ಮ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ (1916-1999) ಹಳ್ಳಿಯ ಜಾತಿಗಳ ಬಗ್ಗೆ ಬರೆಯುತ್ತಾ, ಕೆಳಗಿನವರು ಮೇಲಿನವರ ಊಟ, ಆಚಾರಗಳನ್ನು ಅನುಸರಿಸಿ ಗೌರವ ಗಳಿಸಲು ನೋಡುವುದನ್ನು ತೋರಿಸಿಕೊಟ್ಟರು. ಕ್ಲಾಸಿನಲ್ಲೂ ಹೆಚ್ಚುಕಡಿಮೆ ಇದೇ ಆಟ. ಡಬ್ಬಿ ವಾಪಸು ಬಂದರೆ ನಿಮ್ಮ ಕೈರುಚಿ ಕೆಟ್ಟಿತೆಂದಲ್ಲ!

ಹಾಗಾದರೆ ಏನು ಮಾಡಬೇಕು? “ಎಲ್ಲರ ಜೊತೆ ಸೇರು” ಎಂಬ ಬುದ್ಧಿಮಾತು ಸಾಲದು. 1954ರಲ್ಲಿ ಮುಜಾಫರ್ ಷೆರೀಫ್ ಮತ್ತು ಜೊತೆಗಾರರು ಅಮೆರಿಕದ ಒಕ್ಲಹೋಮದಲ್ಲಿ 22 ಹುಡುಗರನ್ನು ಶಿಬಿರಕ್ಕೆ ಕರೆದೊಯ್ದು ಎರಡು ಗುಂಪು ಮಾಡಿದರು. ಪಂದ್ಯ ಇಟ್ಟದ್ದೇ ತಡ, ಬೈಗುಳ, ಬಾವುಟ ಸುಡುವುದು ಶುರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು! ಆಮೇಲೆ ನೀರು ನಿಂತಿತು, ಲಾರಿ ಕೆಟ್ಟಿತು. ಎರಡೂ ಗುಂಪು ಕೂಡಿ ನೀರಿನ ತೊಂದರೆ ಹುಡುಕಬೇಕಾಯಿತು, ಹಗ್ಗ ಕಟ್ಟಿ ಲಾರಿ ಎಳೆಯಬೇಕಾಯಿತು. ಇಂಥ ಕೆಲಸ ಮತ್ತೆ ಮತ್ತೆ ಬಂದಾಗ ಹಗೆ ಕರಗಿತು. ಊರಿಗೆ ಮರಳುವಾಗ ಒಂದು ಗುಂಪು ಗೆದ್ದ 5 ಡಾಲರಿನಲ್ಲಿ ಎಲ್ಲರಿಗೂ ಕುಡಿಯಲು ಕೊಡಿಸಿತು.

ಇದನ್ನು ನಾವೂ ಮಾಡಬಹುದು. ಸಾಲಿಯಲ್ಲಿ ಮಾದರಿ ಮಾಡಲು ಹೇಳಿದರೆ ಮಗಳ ಗುಂಪಿನವರ ಜೊತೆ ಬೇರೆ ಗುಂಪಿನ ಇಬ್ಬರನ್ನೂ ಮನೆಗೆ ಕರೆಸಿ. ವಿಜಯನಗರ ಕಾಲದ ಕಾಲುವೆಗಳನ್ನೇ ತಗೊಳ್ಳಿ. ಹಂಪಿಯ ತೋಟಗಳಿಗೆ ಇಂದಿಗೂ ಅವು ನೀರುಣಿಸುತ್ತವೆ. ಹಂಪಿಯ ಹುಡುಗಿಗೆ ಜಾಗ ಗೊತ್ತು, ಕಂಪ್ಲಿಯವಳಿಗೆ ಗದ್ದೆ ಗೊತ್ತು, ತಾಂಡಾದವಳ ಕೈಯಲ್ಲಿ ಸೂಜಿ ಇದೆ. ಒಬ್ಬಳಿಲ್ಲದೆ ಇನ್ನೊಬ್ಬಳ ಕೆಲಸ ಮುಗಿಯದಂತೆ ಹಂಚಿಕೊಡಿ. ನಡುವೆ ಒಗ್ಗರಣೆ-ಮಿರ್ಚಿ ಇದ್ದರೆ ಕೇಳುವುದೇ ಬೇಡ. ಒಂದೇ ಸಲಕ್ಕೆ ಆಗದು, ಎರಡು ಮೂರು ಸಲ ಬೇಕು.

ಆದರೆ ಜಾತಿ ಹಿಡಿದು ಹೀಯಾಳಿಸಿದರೆ, ದಿನವೂ ಅಳು ಕಂಡರೆ, ತಡಮಾಡದೆ ಕ್ಲಾಸ್ ಟೀಚರನ್ನು ಕಾಣಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಹೊಟ್ಟೆನೋವಿನ ನೆಪ ವಾರಗಟ್ಟಲೆ ನಡೆದರೆ ಮನೆಯಲ್ಲಿ ಹಿರಿಯರು, “ಓದಿದ್ದು ಸಾಕು, ಗಂಡು ನೋಡೋಣ” ಅಂದುಬಿಡುತ್ತಾರೆ. ಹದಿನೆಂಟು ತುಂಬದೆ ಮದುವೆ ಕಾನೂನಿಗೆ ವಿರುದ್ಧ; ಬಿಟ್ಟ ಓದನ್ನು ಮತ್ತೆ ಹಿಡಿಯುವುದೂ ಸುಲಭವಲ್ಲ. ಆದ್ದರಿಂದ ಇವತ್ತು ಸಂಜೆ, “ಎಷ್ಟು ಮಾರ್ಕ್ಸು?” ಎನ್ನುವ ಮೊದಲು, “ಊಟಕ್ಕೆ ಯಾರ ಪಕ್ಕ ಕೂತಿದ್ದೆ?” ಅಂತ ಕೇಳಿ ನೋಡಿ.