ರಿಪೋರ್ಟ್ ನಾರ್ಮಲ್, ಕಾಯಿಲೆ ನಿಜ

ತಲೆಯ ಎಂ.ಆರ್.ಐ. ಮಾಡಿಸಿಕೊಂಡು ಬಂದ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: “ಎಲ್ಲಾ ನಾರ್ಮಲ್ ಐತಿ ಅಂತ ಬರದಾರ್ರೀ, ಮತ್ಯಾಕ ಹಿಂಗ ಮಾಡ್ತಾನ?” ಗಡಹಿಂಗ್ಲಜದಿಂದ ಸಂಕೇಶ್ವರದ ಹಾದಿ ಹಿಡಿದು ಬೆಳಗಾವಿ, ಧಾರವಾಡಕ್ಕೆ ಬರುವ ಕನ್ನಡ ಕುಟುಂಬವಿರಲಿ, ಇಚಲಕರಂಜಿಯಲ್ಲಿ ಮಗ್ಗದ ಪಾಳಿ ಬಿಟ್ಟು ಮಗನನ್ನು ಕೊಲ್ಹಾಪುರದ ದವಾಖಾನೆಗೆ ಕರೆದೊಯ್ಯುವ ತಂದೆಯಿರಲಿ, ಕೇಳುವುದು ಇದನ್ನೇ. ಯಾರೂ ಇಲ್ಲದಾಗ ದನಿ ಕೇಳಿಸುತ್ತದೆ ಎನ್ನುವ ಹುಡುಗನ ಮಿದುಳಿನಲ್ಲಿ ಏನೂ ಕಾಣಲಿಲ್ಲವೆಂದರೆ ಏನರ್ಥ?

ಉತ್ತರ ಸಿಗದ ಮನೆಯವರು ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾರೆ. ಹುಡುಗ ನಾಟಕ ಮಾಡುತ್ತಿದ್ದಾನೆ ಎಂಬುದು ಒಂದು. ಇದು ಡಾಕ್ಟರ ಕೈಯಲ್ಲಿಲ್ಲದ ಬಾಧೆ ಎಂಬುದು ಇನ್ನೊಂದು. ನರಸೋಬವಾಡಿಗೋ ಗಾಣಗಾಪುರಕ್ಕೋ ಹೋಗಿ ದತ್ತನಿಗೆ ಕೈಮುಗಿದರೆ ಕಾಯಿಲೆಗೆ ಕೇಡೇನೂ ಇಲ್ಲ. ಗುಳಿಗೆ ನಿಲ್ಲಿಸಿ ಹೋಗುವುದರಲ್ಲಿ ಕೇಡಿದೆ.

ಮನೋವೈದ್ಯರು ಸ್ಕ್ಯಾನ್ ಬರೆಯುವುದು ಸಾಮಾನ್ಯವಾಗಿ ಇಂಥ ದನಿಗಳು ಕೇಳಿಸುವ ಸ್ಕಿಜೋಫ್ರೇನಿಯಾವನ್ನೋ ಖಿನ್ನತೆಯನ್ನೋ ಕಂಡುಹಿಡಿಯಲು ಅಲ್ಲ. ಗೆಡ್ಡೆ, ರಕ್ತಸ್ರಾವ, ಮಿದುಳು ಜ್ವರದ ಬಾವು, ಲಾಡಿಹುಳುವಿನ ಮರಿಗಳಿಂದಾದ ಗಂಟು ಇವೂ ಮನುಷ್ಯನ ನಡೆನುಡಿಯನ್ನು ಬದಲಿಸಬಲ್ಲವು. ಅವು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಲ್ಲಿನ ಉದ್ದೇಶ. ‘ನಾರ್ಮಲ್’ ಎಂದರೆ ಅಂಥದ್ದೇನೂ ಕಾಣಲಿಲ್ಲ ಎಂದಷ್ಟೇ.

ಹಾಗಾದರೆ ಸ್ಕಿಜೋಫ್ರೇನಿಯಾ ಮಿದುಳಿನಲ್ಲಿ ಗುರುತು ಬಿಡುವುದಿಲ್ಲವೇ? ಬಿಡುತ್ತದೆ. 1976ರಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಈವ್ ಜಾನ್‌ಸ್ಟೋನ್ ಮತ್ತು ಸಂಗಡಿಗರು, ಆಗಷ್ಟೇ ಬಂದಿದ್ದ ಸಿ.ಟಿ. ಯಂತ್ರದಲ್ಲಿ 17 ಮಂದಿ ಹಳೆಯ ರೋಗಿಗಳ ತಲೆಯ ಚಿತ್ರ ತೆಗೆದರು. ಮಿದುಳಿನೊಳಗಿನ ದ್ರವ ತುಂಬಿದ ಕೋಣೆಗಳು ಇತರರಿಗಿಂತ ಅವರಲ್ಲಿ ದೊಡ್ಡದಾಗಿದ್ದವು. 2016ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಕೂಟ 2,028 ರೋಗಿಗಳ ಮತ್ತು 2,540 ಆರೋಗ್ಯವಂತರ ಎಂ.ಆರ್.ಐ.ಗಳನ್ನು ಒಟ್ಟಿಗಿಟ್ಟು ನೋಡಿದಾಗ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ರೋಗಿಗಳಲ್ಲಿ ಸರಾಸರಿ ಚಿಕ್ಕದಾಗಿರುವುದು ಕಂಡಿತು.

ಸರಾಸರಿ ಎಂಬಲ್ಲಿಯೇ ತೊಡಕಿದೆ. ಒಂದು ಊರಿನವರು ಇನ್ನೊಂದು ಊರಿನವರಿಗಿಂತ ಸರಾಸರಿ ಒಂದು ಅಂಗುಲ ಗಿಡ್ಡ ಎನ್ನೋಣ. ಸಂತೆಯಲ್ಲಿ ಎದುರಾದವನ ಎತ್ತರ ನೋಡಿ ಅವನ ಊರು ಹೇಳಲಾದೀತೇ? ಹಿಪೊಕ್ಯಾಂಪಸ್ಸಿನ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ಖಿನ್ನತೆಯಲ್ಲಿ ಆ ವ್ಯತ್ಯಾಸ ಇನ್ನೂ ಸಣ್ಣದು. ಸಾವಿರಾರು ಮಿದುಳುಗಳಲ್ಲಿ ಕಾಣುವ ಗುರುತು ಒಬ್ಬನ ಫಿಲ್ಮಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಒಂದೇ ಸ್ಕ್ಯಾನಿನಿಂದ ಮನೋರೋಗ ಹೇಳುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ.

ಈ ಸಂಶೋಧನೆಯ ನಿಜವಾದ ಫಲ ಕಾಣುವುದು ಬೇರೆ ಕಡೆ, ಆ ಹುಡುಗನಿಗೆ ಕೇಳಿಸುವ ದನಿಗಳ ವಿಷಯದಲ್ಲಿ. 1993ರಲ್ಲಿ ಲಂಡನ್ನಿನ ಫಿಲಿಪ್ ಮೆಕ್‌ಗೈರ್ ಮತ್ತು ಸಂಗಡಿಗರು, ದನಿ ಕೇಳಿಸುತ್ತಿರುವ ಹೊತ್ತಿನಲ್ಲೇ ರೋಗಿಗಳ ಮಿದುಳಿನ ರಕ್ತಸಂಚಾರ ಅಳೆದರು. ರಕ್ತ ಹೆಚ್ಚಾಗಿ ಹರಿದದ್ದು ಬ್ರೋಕಾ ಪ್ರದೇಶಕ್ಕೆ. ಅದು ಮಾತು ಹೊರಡಿಸುವ ಜಾಗ! ನಾವು ಮಾತಾಡುವಾಗ ಆ ಜಾಗದಿಂದ ಕೇಳುವ ಭಾಗಕ್ಕೆ ‘ಬರುವ ದನಿ ನಮ್ಮದೇ’ ಎಂಬ ಸೂಚನೆ ಮೊದಲೇ ಹೋಗುತ್ತದೆ, ಕೇಳುವ ಭಾಗ ತನ್ನ ಸ್ಪಂದನೆಯನ್ನು ತಗ್ಗಿಸಿಕೊಳ್ಳುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಹೀಗೆ ತಗ್ಗುವುದು ಕಡಿಮೆ ಎಂದು ಮಿದುಳಿನ ವಿದ್ಯುತ್ ಅಲೆಗಳ ಅಧ್ಯಯನಗಳು ತೋರಿಸಿವೆ. ತನ್ನದೇ ಒಳಮಾತು ಪರರ ಮಾತಾಗಿ ಕೇಳಿಸುವುದಕ್ಕೆ ಇದೇ ಕಾರಣವಿರಬಹುದು ಎಂಬ ವಿವರಣೆ ಇಂದು ಬಲವಾಗಿದೆ. ಹುಡುಗ ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜಕ್ಕೂ ಕೇಳಿಸುತ್ತದೆ.

ಈ ತಿಳಿವಳಿಕೆಯಿಂದ ಒಂದು ಚಿಕಿತ್ಸೆ ಹುಟ್ಟಿತು. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಯ ಎಡಭಾಗದಲ್ಲಿ, ಒಂದು ಹಣೆಯ ಮೇಲ್ಭಾಗಕ್ಕೆ, ಇನ್ನೊಂದು ಕಿವಿಯ ಮೇಲೆ ಹಿಂಬದಿಗೆ ಕಟ್ಟುತ್ತಾರೆ. 2 ಮಿಲಿಆಂಪಿಯರ್‌ನಷ್ಟು ಸಣ್ಣ ವಿದ್ಯುತ್ತನ್ನು 20 ನಿಮಿಷ, ದಿನಕ್ಕೆರಡು ಸಲ, ಐದು ದಿನ ಹರಿಸುತ್ತಾರೆ. ರೋಗಿಗೆ ಎಚ್ಚರವಿರುತ್ತದೆ, ಇದು ಶಾಕ್ ಚಿಕಿತ್ಸೆಯಲ್ಲ. 2012ರಲ್ಲಿ ಫ್ರಾನ್ಸಿನ ಲಿಯೋಂ ನಗರದ ತಂಡ ಇದರಿಂದ ದನಿಗಳು ತಗ್ಗಿದವೆಂದು ವರದಿ ಮಾಡಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ, ಔಷಧಕ್ಕೂ ಬಗ್ಗದ ದನಿಗಳಿದ್ದವರಲ್ಲಿ ಇದನ್ನು ಪರೀಕ್ಷಿಸಿತು. ಕೆಲವರಿಗೆ ನಿಜವಾದ ವಿದ್ಯುತ್ತು, ಕೆಲವರಿಗೆ ತೋರಿಕೆಯದು. ಯಾರಿಗೆ ಯಾವುದೆಂದು ರೋಗಿಗೂ ಅಳೆಯುವವರಿಗೂ ತಿಳಿಯದು. 2018ರಲ್ಲಿ ಪ್ರಕಟವಾದ ಫಲಿತಾಂಶ ಚಿಕಿತ್ಸೆಯ ಪರವಾಗಿತ್ತು. ಬೇರೆ ದೇಶಗಳ ಕೆಲವು ಪ್ರಯೋಗಗಳಲ್ಲಿ ಅಂಥ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ವೆಂಕಟಸುಬ್ರಮಣಿಯನ್ ಅವರಿಗೆ ಅದೇ 2018ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಸಂದಿತು.

ನಿಮ್ಹಾನ್ಸ್‌ನ ಸಂಶೋಧಕರು ಇನ್ನೊಂದು ಮುಖ್ಯ ಕೆಲಸ ಮಾಡಿದ್ದಾರೆ. ಮನೋರೋಗದ ಔಷಧಗಳೂ ಮಿದುಳಿನ ಗಾತ್ರದ ಮೇಲೆ ಪರಿಣಾಮ ಬೀರಬಹುದು. ಆದ್ದರಿಂದ ಇನ್ನೂ ಗುಳಿಗೆ ಮುಟ್ಟದ ರೋಗಿಗಳನ್ನೇ ಅಧ್ಯಯನ ಮಾಡಿದರೆ ಕಾಯಿಲೆಯ ಗುರುತು ಯಾವುದು, ಔಷಧದ್ದು ಯಾವುದು ಎಂದು ಬೇರ್ಪಡಿಸಬಹುದು. ನಮ್ಮಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಇದ್ದು ಆಸ್ಪತ್ರೆಗೆ ಬರುವುದರಿಂದ ಇಂಥ ಅಧ್ಯಯನ ಇಲ್ಲಿ ಸಾಧ್ಯವಾಯಿತು. ವಿಜ್ಞಾನಕ್ಕೆ ಅದರಿಂದ ಉಪಕಾರವಾಗಿದೆ, ನಿಜ. ಆ ವರ್ಷಗಳನ್ನು ಕಳೆದುಕೊಂಡ ಮನೆಗಳ ನೋವು ಮಾತ್ರ ಸಣ್ಣದಲ್ಲ. 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯ ಹೊರಗೇ ಇದ್ದರು.

ಕರ್ನಾಟಕ–ಮಹಾರಾಷ್ಟ್ರ ಗಡಿಭಾಗದವರಿಗೆ ಇನ್ನೊಂದು ತೊಂದರೆ ಇದೆ. ಮನೋರೋಗದಲ್ಲಿ ಗಮನ, ನೆನಪು, ಯೋಚನೆಯ ವೇಗ ಎಷ್ಟು ಕುಗ್ಗಿವೆಯೆಂದು ಅಳೆಯಲು ಯಂತ್ರ ಸಾಲದು, ಮಾತಿನ ಪರೀಕ್ಷೆಗಳು ಬೇಕು. 15 ಪದಗಳನ್ನು ಓದಿ ಹೇಳಿ ಎಷ್ಟು ನೆನಪಿವೆ ಎಂದು ಕೇಳುವುದು, ಒಂದೇ ನಿಮಿಷದಲ್ಲಿ ‘ಕ’ದಿಂದ ಶುರುವಾಗುವ ಎಷ್ಟು ಪದ ಹೇಳಬಲ್ಲರೆಂದು ಎಣಿಸುವುದು, ಹೀಗೆ. 2004ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಪರೀಕ್ಷಾಮಾಲೆ ವಯಸ್ಸು, ಲಿಂಗ, ಓದಿಗೆ ತಕ್ಕ ಅಳತೆಗೋಲು ಕೊಟ್ಟಿದೆ. ಆದರೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತ ಗಡಹಿಂಗ್ಲಜದ ಹುಡುಗಿಯನ್ನು ಯಾವ ಭಾಷೆಯಲ್ಲಿ ಕೇಳಬೇಕು? ಮರಾಠಿಯಲ್ಲಷ್ಟೇ ಕೇಳಿ ಕಡಿಮೆ ಅಂಕ ಹಾಕಿದರೆ ಅದು ಕಾಯಿಲೆಯ ಗುರುತೋ ಭಾಷೆಯ ತೊಡಕೋ ತಿಳಿಯುವುದಿಲ್ಲ. ಎರಡೂ ಭಾಷೆಯಲ್ಲಿ ಕೇಳಿ ಎಂದು ಮನೆಯವರು ಧಾರಾಳವಾಗಿ ಹೇಳಬಹುದು.

1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿದೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಎಂಬ ಈ ಉಚಿತ ಸೇವೆ 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಕನ್ನಡ ಮರಾಠಿ ಎರಡರಲ್ಲೂ ಇದೆ. ವೈದ್ಯರ ಬಳಿ ಹೋಗುವಾಗ ಸ್ಕ್ಯಾನಿನ ಫಿಲ್ಮಿನ ಜೊತೆ ಒಂದು ಹಾಳೆಯೂ ಇರಲಿ: ನಿದ್ದೆ ಕೆಟ್ಟದ್ದು ಯಾವಾಗಿನಿಂದ, ದನಿ ಮೊದಲು ಕೇಳಿಸಿದ್ದು ಯಾವಾಗ, ಗಾಂಜಾ ಸಾರಾಯಿ ಚಟವಿದೆಯೇ, ಬಳಗದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ, ಮೊದಲು ಕೊಟ್ಟ ಗುಳಿಗೆ ಯಾವುದು, ಅದನ್ನು ಬಿಟ್ಟದ್ದು ಯಾವಾಗ.