ಸದ್ದಿಲ್ಲದೆ ಬಿದ್ದುಹೋಗುವ ಪ್ಯಾಕೆಟ್ಟು

ಒಂದೇ ವೈಫೈ, ಎರಡು ಫೋನು. ಒಂದರಲ್ಲಿ ವೆಬ್‌ಸೈಟ್ ತಟ್ಟನೆ ತೆರೆದುಕೊಳ್ಳುತ್ತದೆ, ಇನ್ನೊಂದರಲ್ಲಿ ಸುತ್ತುತ್ತಲೇ ಇರುತ್ತದೆ. ಆ ಕಡೆ ಸರ್ವರ್ ಮೇಲೆ ಹೊರೆಯಿಲ್ಲ, ಲಾಗ್‌ನಲ್ಲಿ ದೋಷದ ಒಂದು ಸಾಲೂ ಇಲ್ಲ. ಲಿನಕ್ಸ್ ಕರ್ನೆಲ್‌ನ ‘ಟಿಸಿಪಿ_ಟಿಡಬ್ಲ್ಯೂ_ರೀಸೈಕಲ್’ ಎಂಬ ಆಯ್ಕೆ ವರ್ಷಗಟ್ಟಲೆ ಕೊಟ್ಟ ತೊಂದರೆ ಇದು. 2017ರಲ್ಲಿ, 4.12ನೇ ಆವೃತ್ತಿಯಲ್ಲಿ, ಅದನ್ನು ಕಿತ್ತುಹಾಕಲಾಯಿತು. ಬೇಡದ ಪ್ಯಾಕೆಟ್ಟನ್ನು ಎಸೆಯುವ ಹಕ್ಕು ಕರ್ನೆಲ್‌ಗೆ ಇರಲೇಬೇಕು. ಆದರೆ ಎಸೆದದ್ದಕ್ಕೆ ಕಾರಣವನ್ನು ಎಲ್ಲಾದರೂ ಬರೆದಿಡಲೇಬೇಕು ಎಂಬ ನನ್ನ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಟಿಸಿಪಿ ಸಂಪರ್ಕ ಮುಗಿದಾಗ, ಮೊದಲು ಬಾಗಿಲು ಹಾಕಿದ ಕಡೆಯವರು ಅದರ ಗುರುತನ್ನು ಸ್ವಲ್ಪ ಹೊತ್ತು ಉಳಿಸಿಕೊಳ್ಳಬೇಕು. ದಾರಿಯಲ್ಲಿ ತಡವಾದ ಹಳೆಯ ಪ್ಯಾಕೆಟ್ಟು ಹೊಸ ಸಂಪರ್ಕದೊಳಗೆ ನುಸುಳಬಾರದಲ್ಲ. ಲಿನಕ್ಸ್‌ನಲ್ಲಿ ಈ ಅವಧಿ 60 ಸೆಕೆಂಡು. ಬಿಡುವಿಲ್ಲದ ಸರ್ವರ್‌ನಲ್ಲಿ ಇಂಥ ಗುರುತುಗಳು ಸಾವಿರಗಟ್ಟಲೆ ಗುಡ್ಡೆ ಬೀಳುತ್ತವೆ. ಅವನ್ನು ಬೇಗ ಖಾಲಿ ಮಾಡಲು ರೀಸೈಕಲ್ ಆಯ್ಕೆ ಒಂದು ಉಪಾಯ ಹೂಡಿತು: ಪ್ರತಿ ಐಪಿ ವಿಳಾಸದಿಂದ ಕೊನೆಗೆ ಕಂಡ ಟೈಮ್‌ಸ್ಟ್ಯಾಂಪನ್ನು, ಅಂದರೆ ಪ್ಯಾಕೆಟ್ಟು ಹೊತ್ತು ತರುವ ಸಮಯದ ಎಣಿಕೆಯನ್ನು, ನೆನಪಿಡು, ಒಂದು ನಿಮಿಷದೊಳಗೆ ಅದೇ ವಿಳಾಸದಿಂದ ಅದಕ್ಕಿಂತ ಚಿಕ್ಕ ಸಂಖ್ಯೆ ಹೊತ್ತ ಕೋರಿಕೆ ಬಂದರೆ ಹಳೆಯದೆಂದು ಎಸೆದುಬಿಡು. 1992ರ ಟಿಸಿಪಿ ದಾಖಲೆ ಆರ್‌ಎಫ್‌ಸಿ 1323ರಲ್ಲೇ ಈ ಬಗೆಯ ಸಲಹೆಯಿತ್ತು. ಒಂದು ವಿಳಾಸದ ಹಿಂದೆ ಒಂದೇ ಯಂತ್ರ ಇರುವ ತನಕ ಲೆಕ್ಕ ಚೊಕ್ಕವೇ.

ಆದರೆ ರೂಟರಿನ ಹಿಂದೆ ಹತ್ತಾರು ಫೋನುಗಳು ಒಂದೇ ವಿಳಾಸ ಹಂಚಿಕೊಳ್ಳುತ್ತವೆ. ಮೊಬೈಲ್ ಕಂಪನಿಗಳ ಜಾಲದಲ್ಲಂತೂ ಇನ್ನೂ ಹೆಚ್ಚು. ಟೈಮ್‌ಸ್ಟ್ಯಾಂಪ್ ಎಣಿಕೆ ಫೋನು ಚಾಲೂ ಆದಾಗಿನಿಂದ ಮಿಲಿಸೆಕೆಂಡಿಗೆ ಒಂದರಂತೆ ಏರುತ್ತದೆ ಎಂದುಕೊಳ್ಳಿ. ಐದು ದಿನದಿಂದ ಆರಿಸದ ಫೋನಿನ ಸಂಖ್ಯೆ 43,20,00,000. ಗಂಟೆಯ ಹಿಂದೆ ರೀಸ್ಟಾರ್ಟ್ ಆದ ಫೋನಿನದು 36,00,000. ಮೊದಲನೆಯದರ ಸಂಪರ್ಕ ಮುಗಿದ ಹಿಂದೆಯೇ ಎರಡನೆಯದರ ಕೋರಿಕೆ ಬಂದರೆ ಸರ್ವರ್ ಅದನ್ನು ನುಂಗಿ ಸುಮ್ಮನಾಗುತ್ತದೆ. ಒಲ್ಲೆ ಎಂದೂ ಹೇಳುವುದಿಲ್ಲ. ಪಾಪ, ಫೋನು ಒಂದು ಸೆಕೆಂಡು ಬಿಟ್ಟು ಮತ್ತೆ ಕೇಳುತ್ತದೆ, ಆಮೇಲೆ ಎರಡು, ನಾಲ್ಕು ಸೆಕೆಂಡು ಬಿಟ್ಟು. ಸರ್ವರ್‌ನಲ್ಲಿ ಪ್ಯಾಕೆಟ್ಟುಗಳ ಓಡಾಟ ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೆ ಕೋರಿಕೆ ಸರ್ವರ್ ತನಕ ಬಂದದ್ದು ಕಾಣುತ್ತದೆ, ಉತ್ತರ ಹೊರಟದ್ದು ಕಾಣುವುದಿಲ್ಲ. ಅಷ್ಟಕ್ಕೆ ತಪ್ಪು ಜಾಲದ್ದಲ್ಲ, ಕರ್ನೆಲ್ ಒಳಗಿನದು ಎಂದು ಖಚಿತವಾಗುತ್ತದೆ. ಕಾರಣ ಮಾತ್ರ ಸಿಗುವುದಿಲ್ಲ. ಅದನ್ನು ಕೊಟ್ಟದ್ದು ‘ನೆಟ್‌ಸ್ಟಾಟ್ -ಎಸ್’ ಕಕ್ಕುವ ಉದ್ದ ಪಟ್ಟಿಯೊಳಗಿನ ಒಂದು ಸಾಲು: ಟೈಮ್‌ಸ್ಟ್ಯಾಂಪ್ ಕಾರಣಕ್ಕೆ ತಿರಸ್ಕರಿಸಿದ ಸಂಪರ್ಕಗಳ ಎಣಿಕೆ. ಆ ಸಾಲೂ ಇಲ್ಲದಿದ್ದರೆ ಕರ್ನೆಲ್‌ನ ಮೂಲ ಕೋಡನ್ನು ಓದುವುದೇ ಗತಿಯಾಗುತ್ತಿತ್ತು.

ಈ ಆಯ್ಕೆ ಮೂಲದಲ್ಲಿ ಆಫ್ ಆಗಿಯೇ ಬರುತ್ತಿತ್ತು, ತಜ್ಞರನ್ನು ಕೇಳದೆ ಬದಲಿಸಬೇಡಿ ಎಂದು ದಾಖಲೆಯಲ್ಲಿತ್ತು, ಹಾಗಾಗಿ ತಪ್ಪು ಆನ್ ಮಾಡಿದವರದೇ ಎನ್ನುವವರಿದ್ದಾರೆ. ಇದನ್ನು ಪೂರ್ತಿ ಒಪ್ಪಲಾರೆ. ಆನ್ ಮಾಡಿದ ಅಡ್ಮಿನ್ ತನ್ನ ಒಂದೇ ಕಂಪ್ಯೂಟರಿನಿಂದ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನೋವು ಅನುಭವಿಸುವುದು ದೂರದ ಯಾವುದೋ ಹಾಸ್ಟೆಲಿನ ಹುಡುಗ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಪ್ರತಿ ಪ್ಯಾಕೆಟ್ಟಿಗೂ ಕಾರಣ ಬರೆಯುತ್ತ ಕೂತರೆ ವೇಗ ಕುಗ್ಗುತ್ತದೆ, ಹೊರಗಿನವರಿಗೆ ಕಾರಣ ತಿಳಿಸಿದರೆ ದಾಳಿಕೋರರಿಗೆ ಸುಳಿವು ಸಿಗುತ್ತದೆ. ಆದರೆ ನಾನು ಕೇಳುತ್ತಿರುವುದು ಕಳಿಸಿದವರಿಗೆ ಉತ್ತರವನ್ನಲ್ಲ, ಯಂತ್ರದ ಒಡೆಯನಿಗೆ ಲೆಕ್ಕವನ್ನು. ಇನ್ನು ವೇಗದ ಮಾತಿಗೆ ಕರ್ನೆಲ್ ಬಳಗವೇ ಉತ್ತರ ಕೊಟ್ಟಿದೆ. 2022ರ 5.17ನೇ ಆವೃತ್ತಿಯಿಂದ, ಪ್ಯಾಕೆಟ್ ಎಸೆಯುವ ಜಾಗಗಳಿಗೆ ಒಂದೊಂದಾಗಿ ಕಾರಣದ ಹೆಸರು ಅಂಟಿಸುವ ಕೆಲಸ ಶುರುವಾಯಿತು. ಯಾರೂ ನೋಡದಿದ್ದಾಗ ಅದರ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಬೇಕಾದಾಗ ಟ್ರೇಸ್ ಹಾಕಿ ಓದಬಹುದು.

4.12ಕ್ಕಿಂತ ಹಳೆಯ ಕರ್ನೆಲ್ ಓಡಿಸುತ್ತಿರುವವರು ಕರ್ನೆಲ್ ಆಯ್ಕೆಗಳನ್ನು ಬರೆದಿಡುವ ತಮ್ಮ ಸಿಸ್‌ಸಿಟಿಎಲ್ ಕಡತ ತೆರೆದು ಆ ಆಯ್ಕೆಯ ಸಾಲು ಇದೆಯೇ ನೋಡಲಿ. ಅದರ ಮುಂದೆ ಒಂದು ಎಂದಿದ್ದರೆ ಇವತ್ತೇ ಸೊನ್ನೆ ಮಾಡಲಿ.